ಕಾಳಿನ ಕೋಣೆಯ ಟೀವಿ

ಹೊಸ ಕಡಲೆ ಬಂದಿತ್ತು. ಚೀಲಗಳಿಗೆ ಜಾಗ ಮಾಡಲೆಂದು ಮೊನ್ನೆ ಕಾಳಿನ ಕೋಣೆಯನ್ನು ಖಾಲಿ ಮಾಡುತ್ತಿದ್ದೆ. ಗೋಡೆಗೆ ಒತ್ತಿ ನಿಂತಿದ್ದ ಹಳೆಯ ಚೀಲವೊಂದನ್ನು ಎಳೆದಾಗ ಅದರ ಹಿಂದಿನಿಂದ ಒಂದು ವಾಯರು ಜೋತುಕೊಂಡು ಬಂತು. ತುದಿಗೆ ಮೂರು ಮೂತಿ, ಹಳದಿ, ಕೆಂಪು, ಬಿಳಿ. ಹಳದಿಯ ಮೇಲೆ ಉಗುರುಬಣ್ಣದ ಒಂದು ಚುಕ್ಕೆ ಇನ್ನೂ ಮಾಸದೆ ಕೂತಿತ್ತು. ಒಣಗಿದ ಬೇವಿನ ಸೊಪ್ಪು, ಇಲಿ ಕಡಿದ ಗೋಣಿ, ವರ್ಷಗಟ್ಟಲೆ ಕುಳಿತ ಧೂಳು... ಆ ವಾಸನೆಯ ನಡುವೆ ವಾಯರು ಹಿಡಿದುಕೊಂಡು ಸುಮ್ಮನೆ ನಿಂತೆ. ಆ ಚುಕ್ಕೆ ಹಚ್ಚಿದವಳು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಈ ಮನೆಯಲ್ಲಿ ಅವಳ ಹೆಸರು ಯಾರ ಬಾಯಲ್ಲೂ ಬಂದು ಎಷ್ಟೋ ವರ್ಷಗಳಾದವು. ಇಲ್ಲಿ ನಾನೂ ಹೇಳುವುದಿಲ್ಲ.

ಅಕ್ಕ ದೇವಿಕೊಪ್ಪದವಳು. ಗದ್ದೆಯ ಊರು, ಕೆಂಪು ಮಣ್ಣು, ಹತ್ತಿರದಲ್ಲೇ ಕಾಡು. ಮದುವೆಯಾಗಿ ಶಲವಡಿಗೆ ಬಂದ ಹೊಸತರಲ್ಲಿ ಒಂದೇ ಮಳೆಗೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುವ ಇಲ್ಲಿನ ಎರೆಮಣ್ಣು ನೋಡಿ ನಕ್ಕಿದ್ದಳಂತೆ. ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಅವಳ ನಂತರ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದಿ, ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದ್ದವಳು ಅವಳು. ಮದುವೆಯ ಮಾತುಕತೆಯಲ್ಲಿ ನಮ್ಮ ಮಾವನವರು ಹಾಕಿದ್ದು ಒಂದೇ ಶರತ್ತು. ಸೊಸೆ ನೌಕರಿಗೆ ಹೋಗಬಾರದು. ಅವಳ ಅಪ್ಪ ಒಪ್ಪಿಕೊಂಡರು. ಪಾತ್ರೆ, ಮಂಚ, ಕಪಾಟಿನ ಜೊತೆಗೆ ಅವಳು ಓದುವಾಗ ಬಳಸಿದ ಕಂಪ್ಯೂಟರೂ ಟ್ರ್ಯಾಕ್ಟರಿನಲ್ಲಿ ಬಂತು. ಅದಕ್ಕೊಂದು ಹಳೆಯ ಸೀರೆ ಹೊದಿಸಿ ಅಟ್ಟದ ಮೇಲೆ ಇಟ್ಟರು. ನಾನು ಮೊದಲು ನೋಡಿದಾಗ ಅದು ಗಣಪತಿಯ ಮಂಟಪವಿರಬೇಕು ಅಂದುಕೊಂಡಿದ್ದೆ.

ಆಗ ಮನೆಯಲ್ಲಿ ಟೀವಿ ಇದ್ದದ್ದು ಒಂದೇ, ಪಡಸಾಲೆಯಲ್ಲಿ. ಸಂಜೆಯಾದರೆ ಅದು ಗಂಡಸರದು. ಮಾವನವರಿಗೆ ಬಾತ್ಮಿ, ಭಾವನವರಿಗೆ ಕಬಡ್ಡಿ, ಕ್ರಿಕೆಟ್ಟು. ಹೆಂಗಸರ ಧಾರಾವಾಹಿಗಳೆಲ್ಲ ಬರುತ್ತಿದ್ದದ್ದು ನಾವು ಸರಿಯಾಗಿ ರೊಟ್ಟಿ ಬಡಿಯುವ ಹೊತ್ತಿಗೆ. ಅತ್ತೆಗೆ ಒಂದು ಧಾರಾವಾಹಿಯ ಹುಚ್ಚಿತ್ತು. ಮರುದಿನ ಬೆಳಿಗ್ಗೆ ನಳದ ಹತ್ತಿರ ಬಾಜು ಮನೆಯವಳನ್ನು ಹಿಡಿದು ನಿಲ್ಲಿಸಿ "ನಿನ್ನಿ ಏನಾತು ಬೇ?" ಎಂದು ಕೇಳುತ್ತಿದ್ದರು. ಆಕೆ ಹೇಳುವ ಕಥೆಯಲ್ಲಿ ಆಕೆಗೆ ಆಗದವರೆಲ್ಲ ಬೈಸಿಕೊಳ್ಳುತ್ತಿದ್ದರು, ಮೆಚ್ಚಿನವರು ಗೆಲ್ಲುತ್ತಿದ್ದರು. ಅತ್ತೆಗೆ ಯಾವುದು ನಂಬಬೇಕು, ಯಾವುದು ಬಿಡಬೇಕು ತಿಳಿಯುತ್ತಿರಲಿಲ್ಲ.

ಒಂದು ದಿನ ಒಲೆಯ ಮುಂದೆ ಅಕ್ಕ ಹೇಳಿದಳು, "ಅತ್ತೀ, ಅದನ್ನ ನಾ ಹಿಡಿದಿಡತೇನ್ರಿ. ಮಧ್ಯಾಹ್ನ ಕೆಲಸ ಮುಗಿಸಿ ಆರಾಮ ನೋಡೂಣು."

"ಹಿಡಿದಿಡಾಕ ಅದೇನ್ ಹಗ್ಗಾ ಹರಕೊಂಡ ಹೋದ ಕರಾನೇನ್ ಬೇ?" ಎಂದರು ಅತ್ತೆ.

ಅಟ್ಟದಿಂದ ಕಂಪ್ಯೂಟರು ಇಳಿಯಿತು. ತವರಿಗೆ ಹೋಗಿ ಬಂದಾಗ ಅಕ್ಕ ಅದಕ್ಕೊಂದು ದೊಡ್ಡ ಡಿಸ್ಕು ತಂದಳು, ಟೀವಿಯ ಚಿತ್ರವನ್ನು ಒಳಗೆ ಎಳೆದುಕೊಳ್ಳುವ ಒಂದು ಕಾರ್ಡು ತಂದಳು. ಕೇಬಲ್ಲಿನವನಿಗೆ ಹೇಳಿ ಇನ್ನೊಂದು ಡಬ್ಬಿ ಹಾಕಿಸಿಕೊಂಡಳು, ಗಂಡಸರ ಡಬ್ಬಿಗೆ ಕೈ ಹಚ್ಚುವುದೇ ಬೇಡ ಎಂದು. ಪಡಸಾಲೆಯಲ್ಲಿ ವಾಯರುಗಳ ರಾಶಿ ಇದ್ದರೆ ಮಾವನವರು ಸುಮ್ಮನಿರುವುದಿಲ್ಲ. ಹಾಗಾಗಿ ಗೋಡೆಯ ಆಚೆ, ಕಾಳಿನ ಕೋಣೆಯಲ್ಲಿ, ಎರಡು ಚೀಲಗಳ ನಡುವೆ ಅದರ ಸಂಸಾರ ಶುರುವಾಯಿತು. ಗೋಡೆಗೆ ತೂತು ಕೊರೆದು ವಾಯರು ಈಚೆ ತಂದಳು. ಮೆಣಸಿನಕಾಯಿಯ ಘಾಟು ಒಳಗೆ ಹೋಗದಂತೆ ಕಂಪ್ಯೂಟರಿನ ಗಾಳಿಕಿಂಡಿಗೆ ತೆಳು ಬಟ್ಟೆ ಬಿಗಿದಳು. ಕರೆಂಟು ಹೋದರೂ ನಿಲ್ಲದಿರಲೆಂದು ಇನ್ವರ್ಟರಿಗೆ ಜೋಡಿಸಿದಳು. ಯಾವ ಮೂತಿ ಎಲ್ಲಿಗೆ ಎಂದು ಮರೆಯದಂತೆ ಉಗುರುಬಣ್ಣದ ಚುಕ್ಕೆ ಇಟ್ಟಳು. ಮೂಗಿಗೆ ಸೆರಗು ಕಟ್ಟಿಕೊಂಡು, ಸೀನುತ್ತ, ನಗುತ್ತ ಅವಳು ಆ ಕೋಣೆಯಲ್ಲಿ ಕೂತಿದ್ದ ಹಾಗೆ ಈ ಮನೆಯಲ್ಲಿ ಇನ್ನೆಲ್ಲೂ ಕೂತದ್ದನ್ನು ನಾನು ನೋಡಿಲ್ಲ.

"ಇದಕ್ಕ ಸರ್ವರ್ ಅಂತಾರ್ರಿ," ಎಂದಳು ಅತ್ತೆಗೆ.

"ಸರ್ವರ್ ಅಂದ್ರ ಖಾನಾವಳ್ಯಾಗ ಊಟಾ ನೀಡಾಂವಲ್ಲೇನ?"

ಅಕ್ಕ ಬಿದ್ದು ಬಿದ್ದು ನಕ್ಕಳು. "ಹೌದ್ರಿ ಅತ್ತೀ, ಬರೋಬ್ಬರಿ ಹೇಳಿದ್ರಿ. ಇದೂ ನೀಡೂದ. ಬೇಕಾದಾಗ, ಬೇಕಾದ್ದು."

ಮೊದಮೊದಲು ಅದು ಬೇಡಾದ್ದನ್ನೇ ನೀಡಿತು. ಒಮ್ಮೆ ಬರೀ ದನಿ ಬಂತು, ಚಿತ್ರವಿಲ್ಲ. ಇನ್ನೊಮ್ಮೆ ಡಬ್ಬಿ ಬೇರೆ ಚಾನೆಲ್ಲಿನಲ್ಲಿ ಉಳಿದುಬಿಟ್ಟು, ಧಾರಾವಾಹಿ ನೋಡಲು ಕಾಲು ಚಾಚಿ ಕೂತ ಅತ್ತೆಯ ಮುಂದೆ ಯಾರೋ ಮೀನು ಹುರಿಯತೊಡಗಿದರು. "ಶಿವಶಿವಾ" ಎಂದು ಅತ್ತೆ ವಿಭೂತಿ ಹಚ್ಚಿಕೊಂಡು ಬಂದರು. ಅಕ್ಕ ಮತ್ತೆ ಚೀಲಗಳ ನಡುವೆ ಹೊಕ್ಕಳು. ಏನೇನೋ ಬಿಚ್ಚಿದಳು, ಕಟ್ಟಿದಳು. ಆಮೇಲೆ ಅದು ತಾನೇ ಹೊತ್ತಿಗೆ ಸರಿಯಾಗಿ ಎದ್ದು, ತನ್ನ ಪಾಡಿಗೆ ಹಿಡಿದಿಟ್ಟು, ತಾನೇ ಸುಮ್ಮನಾಗುವುದನ್ನು ಕಲಿಯಿತು.

ಅತ್ತೆಗೆ ಓದು ಬರಹ ಬರುವುದಿಲ್ಲ. ಅವರಿಗಾಗಿ ಅಕ್ಕ ಟೀವಿಯ ಪರದೆಯ ಮೇಲೆ ಅಕ್ಷರಗಳ ಬದಲು ಚಿತ್ರಗಳನ್ನು ಕೂರಿಸಿದಳು. ಧಾರಾವಾಹಿಗೆ ಅದರ ನಾಯಕಿಯ ಮುಖ, ಪ್ರವಚನಕ್ಕೆ ಒಂದು ಲಿಂಗ, ಭಾವನವರ ಆಟಗಳಿಗೆ ಚೆಂಡು, ಮಾವನವರ ಕೃಷಿ ಕಾರ್ಯಕ್ರಮಕ್ಕೆ ಎತ್ತು. ಅತ್ತೆಯ ಮೊಣಕಾಲು ನೋವಿಗೆಂದು ವಾರಕ್ಕೊಮ್ಮೆ ಬೆಳಿಗ್ಗೆ ಬರುವ ಡಾಕ್ಟರ ಕಾರ್ಯಕ್ರಮವನ್ನೂ ಹಿಡಿದಿಡುತ್ತಿದ್ದಳು. ಜನ ಫೋನ್ ಮಾಡಿ ಕೇಳುವುದು, ಡಾಕ್ಟರು ಅಲ್ಲೇ ಉತ್ತರ ಹೇಳುವುದು. ಅದಕ್ಕೆ ಒಂದು ಗುಳಿಗೆಯ ಚಿತ್ರ. ಗುಂಡಿ ಒತ್ತಿದರೆ ಸಾಕು. ಅತ್ತೆ ಯಾರನ್ನೂ ಕರೆಯದೆ ತಾವೇ ಹಾಕಿಕೊಳ್ಳುವುದನ್ನು ಕಲಿತುಬಿಟ್ಟರು. ಓಣಿಯ ಹೆಂಗಸರೆಲ್ಲ ಮಧ್ಯಾಹ್ನ ನಮ್ಮ ಪಡಸಾಲೆಗೆ ಬರತೊಡಗಿದರು. ಮೆಣಸಿನಕಾಯಿಯ ತೊಟ್ಟು ಮುರಿಯುತ್ತ, ಹೆಸರುಕಾಳು ಹಸನು ಮಾಡುತ್ತ ಟೀವಿ ನೋಡುವುದು. ಅತ್ತೆ ರಿಮೋಟು ಹಿಡಿದು ನಡುವೆ ಕೂತು "ನಮ್ಮ ದೊಡ್ಡ ಸೊಸಿ ಅಗದಿ ಶ್ಯಾಣ್ಯಾಕಿ ಐತಿ ಬೇ" ಎನ್ನುತ್ತಿದ್ದರು. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಆ ದಿನಗಳು ಚೆನ್ನಾಗಿದ್ದವು...

ಆದರೆ ಟೀವಿ ಬಂದ್ ಆದ ಮೇಲೆ ಅವಳು ಮತ್ತೆ ಮಕ್ಕಳಿಲ್ಲದ ಸೊಸೆಯೇ.

ಮದುವೆಯಾಗಿ ವರ್ಷಗಳು ಕಳೆದಿದ್ದವು. ಹರಕೆ, ಉಪವಾಸ, ನಾಟಿ ಔಷಧ ಎಲ್ಲ ಆದವು. ಹುಬ್ಬಳ್ಳಿಯಲ್ಲಿ ಅವಳಿಗೆ ಬೇಕಾದಷ್ಟು ತಪಾಸಣೆ ಮಾಡಿಸಿದರು. ದೋಷವೇನೂ ಇಲ್ಲ, ಇನ್ನು ಗಂಡನನ್ನು ಕರೆತನ್ನಿ ಎಂದು ಅಲ್ಲಿನ ಡಾಕ್ಟರು ಹೇಳಿದ್ದರಂತೆ. ಭಾವನವರಿಗೆ ಅವಳು ಅದನ್ನು ಹೇಳಿದ ದಿನ ನಾನು ಅಡುಗೆಮನೆಯಲ್ಲಿದ್ದೆ. "ನನಗೇನ್ ಧಾಡಿ? ಎತ್ತಿನಂಗ ಅದೇನಿ," ಎಂದ ಅವರ ಮಾತು ಓಣಿಗೆಲ್ಲ ಕೇಳುವ ಹಾಗಿತ್ತು. ಆ ವಿಷಯ ಅಲ್ಲಿಗೇ ಮುಗಿಯಿತು. ಮುಗಿಯಿತು ಎಂದರೆ ಅವರಿಗೆ ಮುಗಿಯಿತು.

ನನಗೆ ಮಗ ಹುಟ್ಟಿದ. ತೊಟ್ಟಿಲಿಗೆ ಹಾಕುವ ದಿನ ಅಕ್ಕನನ್ನು ತೊಟ್ಟಿಲ ಹತ್ತಿರ ಬಿಡಲಿಲ್ಲ. ಯಾರೂ ಬಾಯಿಬಿಟ್ಟು ಬೇಡ ಎನ್ನಲಿಲ್ಲ. ಅವಳ ಕೈಗೊಂದು ಕೆಲಸ ಕೊಟ್ಟು ಹಿತ್ತಲಿಗೆ ಕಳಿಸಿದರು, ಅಷ್ಟೇ. ಮಗು ಮಾತ್ರ ಆಮೇಲೆ ಅವಳು ಕಾಲ ಮೇಲೆ ಹಾಕಿಕೊಂಡು ತಟ್ಟಿದರೇ ನಿದ್ದೆ ಮಾಡುತ್ತಿತ್ತು. ಹೆಂಗಸರು ಟೀವಿ ನೋಡಲು ಬಂದಾಗ ಆ ದೃಶ್ಯ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅವಳು ಕೂರಿಸಿಕೊಟ್ಟ ಟೀವಿ ನೋಡುತ್ತ, ಅವಳ ಬಗ್ಗೆಯೇ ಪಿಸುಗುಡುತ್ತಿದ್ದರು.

ಬಾಜು ಮನೆಯ ಮಗಳ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಆರತಿ ಮಾಡುವ ಕಾರ್ಯ. ಬೆಳಿಗ್ಗೆ ನಾನೂ ಅಕ್ಕನೂ ಸೀರೆ ಉಟ್ಟು ತಯಾರಾಗಿದ್ದೆವು. ಅತ್ತೆ ಅಂಗಳದಲ್ಲಿ ನಿಂತು, ಅಕ್ಕನ ಕಡೆ ನೋಡದೆಯೇ, "ನೀ ಮನ್ಯಾಗ ಇರು. ಯಾರರ ಬಂದ್ರ ಹೆಂಗ," ಎಂದರು. ಅಕ್ಕ "ಹೂನ್ರಿ" ಎಂದು ಒಳಗೆ ಹೋದಳು. ನಾವು ಹೋದೆವು.

ಗಂಡಸರೆಲ್ಲ ಹೊಲದಲ್ಲಿ. ಮನೆಯಲ್ಲಿ ಅವಳೊಬ್ಬಳೇ. ಪಡಸಾಲೆಯಲ್ಲಿ ಕೂತು ಡಾಕ್ಟರ ಕಾರ್ಯಕ್ರಮಕ್ಕೆ ಫೋನ್ ಹಚ್ಚಿದ್ದಾಳೆ.

ಅವಳೇ ಆಮೇಲೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ನನಗೆ ಹೇಳಿದ್ದು. ಬಹಳ ದಿನದಿಂದ ಮನಸ್ಸಿನಲ್ಲಿತ್ತಂತೆ, ಧೈರ್ಯವಾಗಿರಲಿಲ್ಲವಂತೆ. ಉಟ್ಟ ಸೀರೆ ಬಿಚ್ಚುವಾಗ ಸಿಟ್ಟು ಬಂತಂತೆ. ಹೆಸರು ಹೇಳಲಿಲ್ಲ. ಊರನ್ನೂ ಹೇಳಲಿಲ್ಲ. ಒಳಗೆ ಕಂಪ್ಯೂಟರು ಎಲ್ಲವನ್ನೂ ಹಿಡಿದಿಡುತ್ತಿದೆ ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಫೋನ್ ಇಟ್ಟ ಕೂಡಲೆ ಹೋಗಿ ಅಳಿಸಬೇಕು ಎಂದುಕೊಂಡಿದ್ದಳು. ಆದರೆ ಫೋನ್ ಇಡುವುದರೊಳಗೆ ಆಳುಮಗ ಅಂಗಳದಲ್ಲಿ ನಿಂತಿದ್ದ. ಹೊಲದಲ್ಲಿ ಹೆಸರುಕಾಯಿ ಬಿಡಿಸುವವರು ಹೆಚ್ಚಿಗೆ ಬಂದಿದ್ದಾರೆ, ಲಗೂನ ಬುತ್ತಿ ತರಬೇಕಂತೆ ಎಂದು. ರೊಟ್ಟಿ, ಪಲ್ಲೆ ಕಟ್ಟಿಕೊಂಡು ಅವಳು ಹೊಲಕ್ಕೆ ಹೋದಳು. ಸಂಜೆ ಬಂದು ಅಳಿಸಿದರಾಯಿತು ಎಂದುಕೊಂಡಳು.

ಕುಬಸದ ಊಟ ಮುಗಿಸಿ ನಾವು ಬಂದೆವು. ಓಣಿಯ ಹೆಂಗಸರೂ ರೇಶ್ಮೆ ಸೀರೆಯಲ್ಲೇ, ಎಲೆಯಡಿಕೆ ಜಗಿಯುತ್ತ ನಮ್ಮ ಜೊತೆಗೇ ಬಂದು ಪಡಸಾಲೆಯಲ್ಲಿ ಕೂತರು. ಅತ್ತೆ ಗುಳಿಗೆಯ ಚಿತ್ರ ಒತ್ತಿದರು. ಡಾಕ್ಟರು ಹೆಂಗಸು, ಕನ್ನಡಕದವರು. ಮೊದಲು ಯಾರೋ ಸಕ್ಕರೆ ಕಾಯಿಲೆಯ ಬಗ್ಗೆ ಕೇಳಿದರು. ಆಮೇಲೆ ಇನ್ನೊಂದು ಫೋನು ಬಂತು.

"ನಮಸ್ಕಾರ್ರಿ ಡಾಕ್ಟರ್. ನಾ ಹೆಸರು ಹೇಳೂದಿಲ್ರಿ. ನನ್ನ ಲಗ್ನ ಆಗಿ ಭಾಳ ವರ್ಷ ಆದ್ವು. ಮಕ್ಕಳಾಗಿಲ್ರಿ. ನನ್ನವು ತಪಾಸಣಿ ಎಲ್ಲಾ ಬರೋಬ್ಬರಿ ಬಂದಾವ್ರಿ. ನಮ್ಮನಿಯವ್ರು ತಮ್ಮದು ಮಾಡಿಸ್ಕೊಳ್ಳಾಕ ಒಲ್ಲೆ ಅಂತಾರ್ರಿ. ಮನ್ಯಾಗ ಎಲ್ಲಾರೂ ನನಗ ಬಂಜಿ ಅಂತಾರ್ರಿ..."

ಮೊದಲು ಯಾರಿಗೂ ಹೊಳೆಯಲಿಲ್ಲ. ಅಷ್ಟರಲ್ಲಿ ಟೀವಿಯೊಳಗೆ, ಆ ದನಿಯ ಹಿಂದೆ, ಗಂಟೆ ಹೊಡೆಯುವ ಮೊದಲು ನಮ್ಮ ಗೋಡೆಯ ಗಡಿಯಾರ ಬಾರಿಸುವ ರಾಗ ಕೇಳಿಸಿತು. ಪಡಸಾಲೆಯಲ್ಲಿ ಕೂತಿದ್ದ ಎಲ್ಲರೂ ಕತ್ತೆತ್ತಿ ಗೋಡೆ ನೋಡಿದರು. ಗಡಿಯಾರ ಸುಮ್ಮನೆ ನಡೆಯುತ್ತಿತ್ತು. ರಾಗ ಟೀವಿಯದು. ಆ ಕ್ಷಣದಲ್ಲಿ ದನಿ ಯಾರದೆಂದು ಎಲ್ಲರಿಗೂ ಒಟ್ಟಿಗೇ ತಿಳಿಯಿತು. ಡಾಕ್ಟರು ಮಾತಾಡಲು ಬಾಯಿ ತೆರೆದರು. ಅತ್ತೆ ಟೀವಿ ನಿಲ್ಲಿಸಿದರು.

ಹೆಂಗಸರು ಒಬ್ಬೊಬ್ಬರಾಗಿ ಎದ್ದರು. "ಬರ್ತೇವಿ ಬೇ" ಎನ್ನುವಾಗ ಯಾರೂ ಅತ್ತೆಯ ಮುಖ ನೋಡಲಿಲ್ಲ. ಸಂಜೆಗೆಲ್ಲ ಊರಿಗೆ ಗೊತ್ತಾಗಿತ್ತು.

ಸುಮ್ಮನೆ ಟೀವಿಯಲ್ಲಿ ಬಂದುಹೋಗಿದ್ದರೆ ಆ ಮಾತು ಗಾಳಿಗೆ ಹೋಗುತ್ತಿತ್ತು. ಅವಳಲ್ಲ ಎನ್ನಬಹುದಿತ್ತು. ಕೇಳಿದವರು ಮರೆಯುತ್ತಿದ್ದರು. ಆದರೆ ಅದು ಕಾಳಿನ ಕೋಣೆಯಲ್ಲಿ ಇತ್ತು. ಹೊಲದಿಂದ ಮಾವನವರು ಬಂದಾಗ ಅತ್ತೆ ಹಾಕಿ ತೋರಿಸಿದರು. ಭಾವನವರು ಬಂದಾಗ ಇನ್ನೊಮ್ಮೆ. "ಹೊಳ್ಳಿ ಹಾಕು," ಎಂದರು ಭಾವನವರು. ಮತ್ತೆ ಹಾಕಿದರು. ಬುಟ್ಟಿ ಇಳಿಸಿ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ ಅಕ್ಕನಿಗೆ ಒಳಗಿನಿಂದ ತನ್ನದೇ ದನಿ ಕೇಳಿಸಿತು. ಚೊಂಬು ಹಿಡಿದ ಕೈ ಹಾಗೆಯೇ ನಿಂತಿತು.

ಭಾವನವರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಕಾಳಿನ ಕೋಣೆಗೆ ಕೀಲಿ ಹಾಕಿ, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡರು. ಅಕ್ಕ ಕೇಳಿಕೊಂಡಳು. "ತಗೀರಿ. ಅದನ್ನ ಅಳಿಸಿಬಿಡತೇನಿ. ಮುಗದ ಹೋಗ್ಲಿ." ಅವರು ಕೇಳಿಸದವರಂತೆ ಕೈತೊಳೆದು ಊಟಕ್ಕೆ ಕೂತರು. ಆಮೇಲಿನ ದಿನಗಳಲ್ಲಿ ಅತ್ತೆಯ ತಮ್ಮ ಬಂದಾಗ ಹಾಕಿದರು, ಮಾವನವರ ಗೆಳೆಯರು ಬಂದಾಗ ಹಾಕಿದರು. ಬಂಜಿ ಅಂತಾರ್ರಿ, ಬಂಜಿ ಅಂತಾರ್ರಿ... ನಾನು ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡರೂ ಕೇಳಿಸುತ್ತಿತ್ತು. ಅಕ್ಕ ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ. ಪ್ರತಿ ಸಲವೂ ಡಾಕ್ಟರು ಬಾಯಿ ತೆರೆಯುವಲ್ಲಿಗೆ ಬಂದಾಗ ಅದು ನಿಲ್ಲುವುದನ್ನು ಅವಳು ಗಮನಿಸಿದ್ದಳು.

ಹಿರಿಯರನ್ನು ಕೂಡಿಸಿದರು. ದೇವಿಕೊಪ್ಪದಿಂದ ಅವಳ ಅಪ್ಪನನ್ನು ಕರೆಸಿದರು. ಪಡಸಾಲೆಯ ಜಮಖಾನೆಯ ಮೇಲೆ ಗಂಡಸರು, ಬಾಗಿಲ ಹಿಂದೆ ನಾವಿಬ್ಬರು. ಚಹಾ ಆಯಿತು. ಮಾವನವರು "ನಾವೇನೂ ಹೇಳೂದಿಲ್ಲ, ನೀವ ಕೇಳ್ರಿ," ಎಂದು ಅತ್ತೆಗೆ ಸನ್ನೆ ಮಾಡಿದರು. ಅವಳ ಅಪ್ಪ ತಲೆ ತಗ್ಗಿಸಿಕೊಂಡು ಮಗಳ ದನಿ ಕೇಳಿದರು. ಗಡಿಯಾರದ ರಾಗ ಬಂತು. ಡಾಕ್ಟರು ಬಾಯಿ ತೆರೆದರು. ಅತ್ತೆ ನಿಲ್ಲಿಸಿದರು.

ಪಕ್ಕದಲ್ಲಿದ್ದ ಅಕ್ಕ ಆಗ ಬಾಗಿಲು ದಾಟಿ ಪಡಸಾಲೆಗೆ ನಡೆದುಬಿಟ್ಟಳು. ತಲೆಯ ಮೇಲೆ ಸೆರಗಿತ್ತು. ಅತ್ತೆಯ ಕೈಯಿಂದ ರಿಮೋಟು ತೆಗೆದುಕೊಂಡಳು.

"ಅರ್ಧಾ ಯಾಕ ಕೇಳ್ತೀರಿ? ಪೂರಾ ಕೇಳ್ರಿ. ನಾ ಕೇಳಿದ್ದು ಕೇಳಿದ್ರಿ, ಅವ್ರು ಹೇಳಿದ್ದೂ ಕೇಳ್ರಿ."

ಯಾರಾದರೂ ತಡೆಯುವುದರೊಳಗೆ ಟೀವಿಯಲ್ಲಿ ಡಾಕ್ಟರು ಮಾತಾಡತೊಡಗಿದ್ದರು. "ನೋಡಮ್ಮಾ, ಮೊದಲು ಅಳೋದು ನಿಲ್ಲಿಸು. ನಿನ್ನ ತಪಾಸಣೆ ಎಲ್ಲ ಸರಿಯಿದೆ ಅಂದರೆ ನಿನ್ನನ್ನು ಯಾರೂ ಹಾಗೆ ಕರೆಯೋ ಹಾಗಿಲ್ಲ. ಗಂಡಸರ ತಪಾಸಣೆ ಬಹಳ ಸುಲಭ, ನೋವಿಲ್ಲ, ಕುಯ್ಯೋದಿಲ್ಲ. ದೋಷ ಇದ್ದರೂ ಎಷ್ಟೋ ಸಲ ಔಷಧಿಯಲ್ಲೇ ವಾಸಿಯಾಗುತ್ತೆ. ನಿನ್ನ ಯಜಮಾನರು ಇದನ್ನು ನೋಡ್ತಾ ಇದ್ದರೆ ಅವರಿಗೇ ಹೇಳ್ತೀನಿ. ಒಂದು ಸಲ ಬನ್ನಿ, ಇದರಲ್ಲಿ ನಾಚಿಕೆಯದೇನೂ ಇಲ್ಲ."

ಅಷ್ಟೇ. ಆಮೇಲೆ ಜಾಹೀರಾತು ಬಂತು. ಯಾವುದೋ ಸಾಬೂನಿನ ಹಾಡು ಪಡಸಾಲೆಯ ತುಂಬ ಕುಣಿಯಿತು. ಅಕ್ಕ ಅದನ್ನೂ ನಿಲ್ಲಿಸಿ, ರಿಮೋಟನ್ನು ಅತ್ತೆಯ ಮುಂದೆ ಇಟ್ಟು ನಿಂತಳು. ಭಾವನವರ ಕಿವಿ ಕೆಂಪಾಗಿತ್ತು. ಗಂಡಸರೆಲ್ಲ ಎಲೆಯಡಿಕೆಯ ತಟ್ಟೆಯತ್ತ ನೋಡುತ್ತಿದ್ದರು. ನನಗೆ, ಬಾಗಿಲ ಹಿಂದೆ ನಿಂತವಳಿಗೆ, ಇನ್ನೇನು ಯಾರಾದರೂ ಒಬ್ಬರು ಹೌದಲ್ಲ ಎನ್ನುತ್ತಾರೆ ಅನ್ನಿಸಿತು. ಎಂಥ ನಂಬಿಕೆ ನನ್ನದು...

ಹಿರಿಯರೊಬ್ಬರು ಕೆಮ್ಮಿ ಗಂಟಲು ಸರಿ ಮಾಡಿಕೊಂಡರು. "ಡಾಕ್ಟರ ಮಾತು ಡಾಕ್ಟರಿಗೆ ಇರ್ಲಿ. ಮನಿ ಮಾತು ನಾಡಿಗೆಲ್ಲಾ ಕೇಳೂವಂಗ ಹೇಳಿದ್ದು ಸರಿ ಏನು? ಅದಕ್ಕ ಉತ್ತರ ಹೇಳವಾ."

"ಮನ್ಯಾಗ ಯಾರೂ ಕೇಳವಲ್ರು. ಅದಕ್ಕ ನಾಡಿಗೆ ಹೇಳಿದ್ನಿ," ಎಂದಳು ಅಕ್ಕ.

ಆಗ ಅವಳ ಅಪ್ಪ ಎದ್ದು ನಿಂತರು. ಮಗಳ ಪಕ್ಕಕ್ಕೆ ಬಂದು ನಿಲ್ಲುತ್ತಾರೆ ಅಂದುಕೊಂಡೆ. ಅವರು ಭಾವನವರ ಮುಂದೆ ಹೋಗಿ ಎರಡೂ ಕೈ ಜೋಡಿಸಿದರು. "ತಪ್ಪಾತ್ರಿ. ಹುಡುಗಿಗೆ ತಿಳವಳಿಕಿ ಕಡಿಮಿ. ಹೊಟ್ಟಿಗೆ ಹಾಕ್ಕೋರಿ."

ಅಷ್ಟು ದಿನ, ಅಷ್ಟು ಸಲ ಆ ದನಿ ಕೇಳಿಸಿಕೊಂಡೂ ಅಕ್ಕ ಅತ್ತಿರಲಿಲ್ಲ. ಆವತ್ತೂ ಅಳಲಿಲ್ಲ. ಅಪ್ಪನ ಜೋಡಿಸಿದ ಕೈಗಳನ್ನು ನೋಡಿದಳು. ಮುಖದಲ್ಲಿ ಏನೋ ಆರಿಹೋಯಿತು. ಒಳಗೆ ಬಂದು ಬಟ್ಟೆಗಳನ್ನು ಬ್ಯಾಗಿಗೆ ಹಾಕಿಕೊಂಡಳು. ಕ್ಷಮೆ ಕೇಳಿ ಇರು ಎಂದು ಅತ್ತೆ ಹೇಳಿಕಳಿಸಿದರು. ಅವಳು ಬ್ಯಾಗಿನ ಝಿಪ್ಪು ಎಳೆದಳು. ಹೊರಡುವಾಗ ಭಾವನವರ ಮುಂದೆ ನಿಂತು ಒಂದೇ ಕೇಳಿದಳು. ಕಂಪ್ಯೂಟರು ನನ್ನದು, ನಮ್ಮಪ್ಪ ಕೊಡಿಸಿದ್ದು, ಒಯ್ಯುತ್ತೇನೆ. "ಈ ಮನ್ಯಾಗ ಇದ್ದದ್ದು ಈ ಮನೀದು," ಎಂದರು ಅವರು. ಅವಳು ನನ್ನ ಮಗನ ತಲೆ ಸವರಿ, ಅಪ್ಪನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತ ಬಸ್ಸಿನ ಕಡೆ ಹೋದಳು.

ಅವಳು ಹೋದರೂ ಅವಳು ಕಟ್ಟಿದ್ದು ಕೆಲಸ ನಿಲ್ಲಿಸಲಿಲ್ಲ. ಕೀಲಿ ಹಾಕಿದ ಕೋಣೆಯೊಳಗೆ ಅದು ದಿನವೂ ಹೊತ್ತಿಗೆ ಸರಿಯಾಗಿ ಎದ್ದು ಧಾರಾವಾಹಿ ಹಿಡಿದಿಡುತ್ತಿತ್ತು. ಅತ್ತೆ ದಿನವೂ ನೋಡುತ್ತಿದ್ದರು. ಹೆಂಗಸರೂ ಸ್ವಲ್ಪ ದಿನ ಬಿಟ್ಟು ಮತ್ತೆ ಬಂದರು, ಮೆಣಸಿನಕಾಯಿ ಬುಟ್ಟಿ ಹಿಡಿದುಕೊಂಡೇ. ಟೀವಿಯೊಳಗಿನ ಸೊಸೆಗೆ ಅತ್ತೆಮನೆಯವರು ಕೊಡುವ ಕಾಟ ನೋಡಿ ಎಲ್ಲರೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ಅತ್ತೆಯೂ ಒರೆಸಿಕೊಳ್ಳುತ್ತಿದ್ದರು. ಅದನ್ನು ನೋಡುತ್ತ ಕೂತಿರುವುದು ನನಗೆ ಆಗುತ್ತಿರಲಿಲ್ಲ, ಏನಾದರೂ ನೆವ ಮಾಡಿ ಹಿತ್ತಲಿಗೆ ಹೋಗುತ್ತಿದ್ದೆ.

ಕಡೆಗೊಂದು ದಿನ ಡಿಸ್ಕು ತುಂಬಿತು. ಹಳೆಯದನ್ನು ಅಳಿಸಿದರೆ ಹೊಸದಕ್ಕೆ ಜಾಗ. ಅಳಿಸುವುದು ಹೇಗೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ನಾಯಕಿಯ ಮುಖವನ್ನು ಮತ್ತೆ ಮತ್ತೆ ಒತ್ತಿದರು, ಹಳೆಯದೇ ಬಂತು. "ಆಕಿ ಇದ್ದಿದ್ರ..." ಎಂದವರು ಅಲ್ಲಿಗೇ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಮೆಣಸಿನಕಾಯಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ. ಆಮೇಲೆ ಒಳಕೋಣೆಗೆ ಬೇರೆ ಟೀವಿ ಬಂತು. ಕಂಪ್ಯೂಟರನ್ನು ಭಾವನವರೇ ಕಲ್ಲಿನ ಮೇಲಿಟ್ಟು ಜಜ್ಜಿ ಗುಜರಿಗೆ ಹಾಕಿದರು. ಮುಂದಿನ ಬೇಸಿಗೆಯಲ್ಲಿ ಅವರ ಇನ್ನೊಂದು ಮದುವೆಯಾಯಿತು.

ಅಕ್ಕನ ಫೋನ್ ನಂಬರು ಬದಲಾಗಿತ್ತು. ಒಮ್ಮೆ ಮಾತ್ರ, ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ, ಹೆಗಲಿಗೆ ಬ್ಯಾಗು. ನಾನು ಮಗನ ಕೈ ಹಿಡಿದು ಓಡಿದೆ.

"ಅಕ್ಕಾ!"

ತಿರುಗಿ ನೋಡಿದಳು. ನಕ್ಕಳು ಕೂಡ. "ಆರಾಮ ಅದೀರೇನ್ರಿ?"

ನನ್ನನ್ನು ಅವಳು ಎಂದೂ ಬಹುವಚನದಲ್ಲಿ ಮಾತಾಡಿಸಿದವಳಲ್ಲ. ಲೇ ಹುಡುಗೀ, ಬಾ ಇಲ್ಲೆ, ನೀ ಸುಮ್ಮಕಿರು... ಹೀಗೇ ಇತ್ತು ನಮ್ಮ ಮಾತು. ಆ ಒಂದು "ರಿ" ಕೇಳಿ ಮಗನನ್ನು ಮುಂದೆ ತಂದು ನಿಲ್ಲಿಸಿದೆ.

"ಎಷ್ಟನೇ ಇಯತ್ತೇರಿ ಇಂವ?" ಎಂದು ಮಗನ ಕಡೆ ನೋಡಿದಳು. ಅವನು ಗುರುತಿಲ್ಲದೆ ನನ್ನ ಬೆನ್ನ ಹಿಂದೆ ಸರಿದ. ದೇವಿಕೊಪ್ಪಕ್ಕೆ ಹೊರಟಿದ್ದೀಯಾ ಎಂದು ಕೇಳಿದೆ. "ಇಲ್ರಿ. ಅಲ್ಲಿಗೆ ಹೋಗೂದಿಲ್ಲ. ಇಲ್ಲೇ ಒಂದು ರೂಮ್ ಮಾಡೇನಿ," ಎಂದಳು. ಮನೆಯವರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಸಿಟ್ಟೂ ಇರಲಿಲ್ಲ ಮುಖದಲ್ಲಿ. ಅವಳ ಸಿಟಿ ಬಸ್ಸು ಬಂತು. "ಬರ್ತೇನ್ರಿ" ಎಂದು ಹತ್ತಿದಳು. ಕಿಟಕಿಯಿಂದ ನೋಡುತ್ತಾಳೇನೋ ಎಂದು ನಿಂತೆ... ನೋಡಲಿಲ್ಲ.

ಮೊನ್ನೆ ಕಾಳಿನ ಕೋಣೆಯ ಕೆಲಸ ಮುಗಿಸಿ, ಸಂಜೆ ಒಲೆಯ ಮುಂದೆ ಕೂತಿದ್ದೆವು, ನಾನು ಮತ್ತು ಈಗಿನ ನೆಗೆಣ್ಣಿ. ಸಂಬಂಧದಲ್ಲಿ ದೊಡ್ಡವಳು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ನನ್ನನ್ನೇ ಅಕ್ಕ ಎನ್ನುತ್ತಾಳೆ. ಅವಳಿಗೂ ಮಕ್ಕಳಾಗಿಲ್ಲ. ಅವಳನ್ನೂ ಹುಬ್ಬಳ್ಳಿಗೆ ಕರೆದೊಯ್ದು ತಪಾಸಣೆ ಮಾಡಿಸಿದ್ದಾರೆ. ಈಗ ಪ್ರತಿ ಸೋಮವಾರ ಉಪವಾಸ, ಸಂಜೆ ಗುಡಿ.

ರೊಟ್ಟಿ ತಿರುವುತ್ತ ಅವಳು ಕೇಳಿದಳು, "ಅಕ್ಕಾ, ಆ ವಾಯರು ಮದಲಿನಾಕೀದೇನು?"

"ಹೌದು."

"ಡಾಕ್ಟರ ಹೇಳಿದ್ದು ಎಲ್ಲೆರ ಉಳದೈತೇನು?"

ನಾನು ಬೆಚ್ಚಿದೆ. "ನಿನಗ ಯಾರ ಹೇಳಿದ್ರು ಅದನ್ನ?"

"ಯಾರ ಹೇಳೂದು? ನಮ್ಮೂರಾಗ ಎಲ್ಲಾರಿಗೂ ಗೊತ್ತಿತ್ತು. ನನ್ನ ಕೊಡುಮುಂದ ನಮ್ಮಪ್ಪಗೂ ಗೊತ್ತಿತ್ತು." ಅವಳು ಬೆಂದ ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು. "ಹೊಲಾ ಐತಿ, ಮನಿ ಐತಿ ಅಂದ್ರು. ಆ ಡಾಕ್ಟರ ಮಾತು ಎಲ್ಲಾರೂ ಕೇಳಿದ್ರು ಅಕ್ಕಾ. ನನ್ನ ಮಾತ್ರ ಯಾರೂ ಕೇಳಲಿಲ್ಲ."

ಪಡಸಾಲೆಯಿಂದ ಅತ್ತೆ ಕೂಗಿದರು, ಗುಡಿಗೆ ಹೊತ್ತಾಯಿತೆಂದು. ಅವಳು ಕೈಯ ಹಿಟ್ಟು ತೊಳೆದುಕೊಂಡಳು. ತಲೆಯ ಮೇಲೆ ಸೆರಗು ಹೊದ್ದು, ಕಾಯಿ ಕರ್ಪೂರದ ತಟ್ಟೆ ಹಿಡಿದು ಅತ್ತೆಯ ಹಿಂದೆ ಹೊರಟಳು. ನಾನು ಉಳಿದ ಹಿಟ್ಟು ನಾದಿ ಬಡಿಯತೊಡಗಿದೆ. ಈ ಮನೆಗೆ ದೊಡ್ಡ ಸೊಸೆ ಇನ್ನೊಬ್ಬಳು ಸಿಕ್ಕಳು. ನನಗೆ ಅಕ್ಕ ಸಿಗಲಿಲ್ಲ.